ಸಾವಯವ ಕೃಷಿ: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಹೊಲ ನೋಡಲು ಬಂದವರು, ಪತ್ರ ಬರೆದವರು, ತರಬೇತಿಯಲ್ಲಿ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವರು ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಸಾವಯವದ ಪರ ಇರುವವನು. ಹಾಗಂತ ಅದಕ್ಕೆ ಇಲ್ಲದ ಗುಣ ಅಂಟಿಸಲು ಮನಸ್ಸಿಲ್ಲ. ಸುಳ್ಳು ಭರವಸೆ ಕೇಳಿ ಬಂದವರು ಎರಡನೇ ಬೆಳೆಗೇ ಕೈಬಿಟ್ಟು ಹೋಗುವುದನ್ನು ಬೇಕಾದಷ್ಟು ಕಂಡಿದ್ದೇನೆ.

## ಮೊದಲಿಗೆ ಬರುವ ಪ್ರಶ್ನೆಗಳು

ಸಾವಯವ ಅಂದ್ರೆ ರಸಗೊಬ್ಬರ, ಕೀಟನಾಶಕ ಹಾಕದೇ ಇರೋದು, ಅಷ್ಟೇ ತಾನೆ?

ಅಷ್ಟೇ ಆಗಿದ್ದರೆ ಪಾಳುಬಿದ್ದ ಜಮೀನೆಲ್ಲ ಸಾವಯವ ಅನ್ನಬೇಕಾಗುತ್ತಿತ್ತು. ಹಾಕುವುದನ್ನು ನಿಲ್ಲಿಸುವುದು ಅರ್ಧ ಕೆಲಸ. ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಸಿಕೊಳ್ಳುವುದು ಉಳಿದರ್ಧ. ಯೂರಿಯಾ ಕೊಡುತ್ತಿದ್ದ ಸಾರಜನಕವನ್ನು ದ್ವಿದಳ ಬೆಳೆ, ಹಸಿರೆಲೆ ಗೊಬ್ಬರ, ಕಾಂಪೋಸ್ಟ್‌ಗಳಿಂದ ಪಡೆಯಬೇಕು. ಕೀಟನಾಶಕದ ಕೆಲಸವನ್ನು ಬೆಳೆ ಸರದಿ, ಮಿಶ್ರ ಬೆಳೆ, ಹುಳ ತಿನ್ನುವ ಹುಳಗಳು ಮಾಡಬೇಕು. ಕಳೆನಾಶಕದ ಕೆಲಸ ಹೊದಿಕೆಗೆ ಮತ್ತು ಕುಂಟೆಗೆ ಬೀಳುತ್ತದೆ. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಗಮನ ಬೇಕು, ಮುಂದಾಲೋಚನೆ ಬೇಕು.

ಸಾವಯವ, ನೈಸರ್ಗಿಕ, ವಿಷಮುಕ್ತ ಅಂತೆಲ್ಲ ಬರೆದಿರ್ತಾರಲ್ಲ, ಎಲ್ಲಾ ಒಂದೇನಾ?

ಒಂದೇ ಅಲ್ಲ. ಬಹಳಷ್ಟು ದೇಶಗಳಲ್ಲಿ 'ಸಾವಯವ' ಅನ್ನುವ ಪದಕ್ಕೆ ಕಾನೂನಿನ ಬಲವಿದೆ. ಯಾವುದನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂಬ ಪಟ್ಟಿಯಿದೆ, ತಪಾಸಣೆಯಿದೆ, ಲೆಕ್ಕಪತ್ರವಿದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಆಹಾರದ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ 1999ರಲ್ಲಿ ಇದಕ್ಕೆ ಮಾರ್ಗಸೂಚಿ ಒಪ್ಪಿಕೊಂಡಿತು. ಪೊಟ್ಟಣದ ಮೇಲಿನ 'ನೈಸರ್ಗಿಕ', 'ಶುದ್ಧ', 'ವಿಷಮುಕ್ತ' ಎಂಬ ಮಾತುಗಳಿಗೆ ಸಾಮಾನ್ಯವಾಗಿ ಇಂಥ ಹಿಡಿತ ಇರುವುದಿಲ್ಲ. ಬರೆದವರು ಪ್ರಾಮಾಣಿಕರೇ ಇರಬಹುದು, ಆದರೆ ಆ ಪದ ಅದಕ್ಕೆ ಸಾಕ್ಷಿಯಲ್ಲ.

ಸಾವಯವದಲ್ಲಿ ಔಷಧಿನೇ ಹೊಡೆಯಲ್ವಾ?

ಹೊಡೆಯುತ್ತಾರೆ. ಬೇವಿನ ಎಣ್ಣೆ, ಸಾಬೂನು ದ್ರಾವಣ, ಗಂಧಕ, ತಾಮ್ರದ ದ್ರಾವಣ, ಹುಳಕ್ಕೆ ರೋಗ ತರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ, ಇವಕ್ಕೆ ಅನುಮತಿಯಿದೆ. ಇವುಗಳಲ್ಲಿ ಹೆಚ್ಚಿನವು ಬಿಸಿಲಿಗೆ, ಮಣ್ಣಿನ ಜೀವಿಗಳಿಗೆ ಸಿಕ್ಕಿ ಬೇಗ ಕರಗಿಹೋಗುತ್ತವೆ. ಆದರೆ ಗಿಡದಿಂದ ಬಂದದ್ದೆಲ್ಲ ಸಾಧು ಎಂದು ತಿಳಿಯಬಾರದು. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್ ಜೇನುಹುಳುವನ್ನೂ ಕೊಲ್ಲುತ್ತದೆ. ತಾಮ್ರ ಕರಗಿಹೋಗುವುದೇ ಇಲ್ಲ, ಮಣ್ಣಿನಲ್ಲಿ ಜಮೆಯಾಗಿ ಎರೆಹುಳುವಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟ 7 ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಬಳಸಕೂಡದೆಂದು ಮಿತಿ ಹಾಕಿದೆ.

ಹೊಲಕ್ಕೆ ಹೊಡೆಯುವ ವಿಷವನ್ನು ನಾವು 'ಔಷಧಿ' ಅನ್ನುತ್ತೇವೆ. ಈ ಪದ ನನ್ನನ್ನು ಬಹಳ ಕಾಡಿದೆ. ಔಷಧಿ ಅಂದಮೇಲೆ ಕೈಗವಸು ಯಾಕೆ, ಮುಖವಸ್ತ್ರ ಯಾಕೆ ಅನ್ನಿಸಿಬಿಡುತ್ತದೆ.

## ಊಟ, ಆರೋಗ್ಯ

ಸಾವಯವ ತಿಂದ್ರೆ ಪೌಷ್ಟಿಕಾಂಶ ಜಾಸ್ತಿ ಸಿಗುತ್ತಾ?

ಸ್ವಲ್ಪ ವ್ಯತ್ಯಾಸ ಇದೆ, ಜಾಹೀರಾತು ಹೇಳುವಷ್ಟಿಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ವಿಟಮಿನ್ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣುತ್ತಿಲ್ಲ ಎಂದರು. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 343 ಪ್ರಬಂಧಗಳನ್ನು ನೋಡಿ, ಸಾವಯವ ಬೆಳೆಯಲ್ಲಿ ಪಾಲಿಫಿನಾಲ್‌ನಂಥ ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್) ಹೆಚ್ಚು, ಕ್ಯಾಡ್ಮಿಯಂ ಎಂಬ ಭಾರಲೋಹ ಸುಮಾರು 48% ಕಡಿಮೆ ಎಂದು ಕಂಡಿತು. ಕೆಲವು ರಂಜಕದ ಗೊಬ್ಬರಗಳ ಜೊತೆ ಕ್ಯಾಡ್ಮಿಯಂ ಮಣ್ಣು ಸೇರುತ್ತದೆ, ಆದ್ದರಿಂದ ಇದಕ್ಕೆ ಕಾರಣವೂ ಹೊಂದುತ್ತದೆ.

ಒಂದೇ ತರಕಾರಿಯಲ್ಲಿ ತಳಿ, ಮಣ್ಣು, ಕೊಯ್ದು ಎಷ್ಟು ದಿನವಾಯಿತು ಎಂಬುದರಿಂದ ಆಗುವ ಏರುಪೇರು ಇದಕ್ಕಿಂತ ದೊಡ್ಡದಿರಬಹುದು. ವಿಟಮಿನ್‌ಗಾಗಿಯೇ ಸಾವಯವ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು: ಮೊದಲು ತಟ್ಟೆಯಲ್ಲಿ ಸೊಪ್ಪು, ಕಾಳು, ಹಣ್ಣು ಹೆಚ್ಚಾಗಲಿ, ಹೇಗೆ ಬೆಳೆದದ್ದಾದರೂ ಸರಿ.

ತರಕಾರಿ ಚೆನ್ನಾಗಿ ತೊಳೆದ್ರೆ ಸಾಕಲ್ವಾ? ವಿಷ ಹೋಗಲ್ವಾ?

ಮೇಲೆ ಅಂಟಿದ್ದು ಬಹಳ ಮಟ್ಟಿಗೆ ಹೋಗುತ್ತದೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೇಬಿನ ಮೇಲೆ 2017ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ನೆನೆಸಿದಾಗ ಮೇಲ್ಮೈಯ ಎರಡು ಕೀಟನಾಶಕ–ಶಿಲೀಂಧ್ರನಾಶಕಗಳು ಸಂಪೂರ್ಣ ಹೋದವು. ಆದರೆ ಅದರಲ್ಲಿ ಒಂದರ ಸುಮಾರು 20% ಅಷ್ಟರಲ್ಲೇ ಸಿಪ್ಪೆಯೊಳಕ್ಕೆ ಇಳಿದಿತ್ತು. ಇನ್ನು ಅಂತರ್ವ್ಯಾಪಿ ಕೀಟನಾಶಕಗಳು ಬೇರಿನಿಂದಲೋ ಎಲೆಯಿಂದಲೋ ಹೀರಲ್ಪಟ್ಟು ಗಿಡದ ರಸದಲ್ಲೇ ಓಡಾಡುತ್ತವೆ. ತೊಳೆದರೂ, ಸಿಪ್ಪೆ ತೆಗೆದರೂ ಅವು ಹೋಗುವುದಿಲ್ಲ. ಇಂಥ ಉಳಿಕೆಯನ್ನು ಕಡಿಮೆ ಮಾಡುವುದು ಹೊಲದಲ್ಲಿ ಆಗಬೇಕಾದ ಕೆಲಸ, ಅಡುಗೆಮನೆಯದಲ್ಲ.

ಸಾವಯವ ತಿನ್ನೋಕೆ ಶುರುಮಾಡಿದ್ರೆ ದೇಹದಲ್ಲಿರೋ ವಿಷ ಕಮ್ಮಿ ಆಗುತ್ತಾ?

ಇದಕ್ಕೆ ಸ್ಪಷ್ಟ ಉತ್ತರವಿದೆ, ಹೌದು, ಅದೂ ಬೇಗ. 2006ರಲ್ಲಿ ಪ್ರಕಟವಾದ ಅಮೆರಿಕದ ಸಿಯಾಟಲ್‌ನ ಅಧ್ಯಯನದಲ್ಲಿ 23 ಮಕ್ಕಳಿಗೆ 5 ದಿನ ಸಾವಯವ ಆಹಾರ ಕೊಟ್ಟರು. ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್ ಕೀಟನಾಶಕಗಳ ಕುರುಹು ಮೂತ್ರದಲ್ಲಿ ಪತ್ತೆಯಾಗದಷ್ಟು ಇಳಿಯಿತು. ಹಳೆಯ ಊಟಕ್ಕೆ ಮರಳಿದಾಗ ಮತ್ತೆ ಏರಿತು. ಡಿಡಿಟಿಯಂಥ, ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುವ ವಿಷಗಳ ವಿಚಾರ ಬೇರೆ, ಅವು ಐದು ದಿನಕ್ಕೆ ಹೋಗುವಂಥವಲ್ಲ.

ಸಾವಯವ ತಿಂದ್ರೆ ಕ್ಯಾನ್ಸರ್ ಬರಲ್ಲ ಅಂತಾರೆ, ನಿಜಾನಾ?

ಹಾಗೆ ಯಾರೂ ಮಾತು ಕೊಡಲಾರರು. ಫ್ರಾನ್ಸಿನಲ್ಲಿ ಸುಮಾರು 69,000 ಜನರನ್ನು ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಹೊರಬಂತು. ಸಾವಯವ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ 25% ಕಡಿಮೆ ಕಂಡಿತು. ಬ್ರಿಟನ್ನಿನಲ್ಲಿ 6 ಲಕ್ಷಕ್ಕೂ ಮೀರಿದ ಮಹಿಳೆಯರನ್ನು ಗಮನಿಸಿದ 2014ರ ವರದಿಯಲ್ಲಿ ಒಟ್ಟಾರೆ ಕ್ಯಾನ್ಸರಿನಲ್ಲಿ ಇಳಿಕೆ ಕಾಣಲಿಲ್ಲ. ಎರಡರಲ್ಲೂ ಸಮಾನವಾಗಿ ಕಂಡದ್ದು ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾ ಎಂಬ ಒಂದು ಬಗೆಯ ಕ್ಯಾನ್ಸರ್ ಕಡಿಮೆ ಇದ್ದದ್ದು. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಕಡಿಮೆ ಸಿಗರೇಟು ಸೇದುತ್ತಾರೆ, ಹೆಚ್ಚು ತರಕಾರಿ ತಿನ್ನುತ್ತಾರೆ. ಅದನ್ನೆಲ್ಲ ಲೆಕ್ಕದಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ. ಕಾಯಿಲೆ ಬಿದ್ದವರಿಗೆ ಚಿಕಿತ್ಸೆ ಬಿಡಿಸಿ ಸಾವಯವ ಊಟಕ್ಕೆ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲಾ ಸಾವಯವ ಕೊಳ್ಳೋಕೆ ನಮ್ಮಿಂದ ಆಗಲ್ಲ. ಯಾರಿಗೆ ಮೊದಲು ಬೇಕು?

ಗರ್ಭಿಣಿಗೆ ಮತ್ತು ಚಿಕ್ಕ ಮಕ್ಕಳಿಗೆ. ಮಗು ತನ್ನ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ತಿನ್ನುತ್ತದೆ, ಕುಡಿಯುತ್ತದೆ. ಅದರ ಮಿದುಳು, ನರಗಳು ಇನ್ನೂ ಬೆಳೆಯುತ್ತಿರುತ್ತವೆ, ಮತ್ತು ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ಕೈಹಾಕುವುದೇ ನರಗಳ ಕೆಲಸಕ್ಕೆ. ಪದಾರ್ಥಗಳಲ್ಲಿ ಆಯ್ಕೆ ಮಾಡುವುದಾದರೆ ಸಿಪ್ಪೆ ಸಮೇತ ತಿನ್ನುವ ಹಣ್ಣು ಮತ್ತು ಸೊಪ್ಪಿನಿಂದ ಶುರುಮಾಡಿ.

ಗೊಬ್ಬರದಲ್ಲಿ ಬೆಳೆದ ಸೊಪ್ಪಿನಲ್ಲಿ ರೋಗಾಣು ಇರಲ್ವಾ?

ಹಸಿ ಸಗಣಿಯನ್ನು ತಂದು ಸೊಪ್ಪಿನ ಬುಡಕ್ಕೆ ಹಾಕಿದರೆ ಖಂಡಿತ ಅಪಾಯ. ಕಳಿತ ಗೊಬ್ಬರದ ಮಾತು ಬೇರೆ. ಸರಿಯಾಗಿ ಒಟ್ಟಿದ ಕಾಂಪೋಸ್ಟ್ ಗುಡ್ಡೆಯ ಒಳಗೆ ಶಾಖ 55 ಡಿಗ್ರಿ ದಾಟುತ್ತದೆ. ಕೈ ತೂರಿಸಿದರೆ ತಕ್ಷಣ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ಆ ಶಾಖ ಕೆಲವು ದಿನ ನಿಂತು, ನಡುನಡುವೆ ಮಗುಚಿದರೆ ರೋಗಾಣು ಮತ್ತು ಕಳೆಬೀಜ ಬಹುಪಾಲು ಸಾಯುತ್ತವೆ. ಅಮೆರಿಕದ ಸಾವಯವ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿ 120 ದಿನ ಕಳೆಯುವವರೆಗೆ ಕೊಯ್ಲು ಮಾಡುವಂತಿಲ್ಲ. ಸಾವಯವ ಸೊಪ್ಪನ್ನೂ ತೊಳೆದೇ ತಿನ್ನಬೇಕು.

ಆರೋಗ್ಯದ ಲಾಭ ಎಲ್ಲಕ್ಕಿಂತ ಹೆಚ್ಚು ಯಾರಿಗೆ?

ಇದನ್ನು ಕೇಳುವವರು ಕಡಿಮೆ, ಆದರೂ ನನಗೆ ಮುಖ್ಯವಾದ ಪ್ರಶ್ನೆ ಇದೇ. ತಿನ್ನುವವರಿಗೆ ಸಿಗುವ ಲಾಭದ ಬಗ್ಗೆ ಅಷ್ಟೊಂದು ಚರ್ಚೆ ನಡೆಯುತ್ತದೆ. ಬೆಳೆಯುವವರಿಗೆ ಲಾಭ ಇದೆ ಎಂಬುದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ತಟ್ಟೆಗೆ ಬರುವುದು ಉಳಿಕೆ, ಮೈಮೇಲೆ ಬೀಳುವುದು ಪೂರ್ತಿ ವಿಷ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 38.5 ಕೋಟಿ ಬಾರಿ ಅರಿಯದೆ ಕೀಟನಾಶಕ ಮೈಸೇರಿ ಜನ ಅಸ್ವಸ್ಥರಾಗುತ್ತಾರೆ, ಸುಮಾರು 11,000 ಮಂದಿ ಸಾಯುತ್ತಾರೆ ಎಂದು 2020ರ ಒಂದು ಅಂದಾಜು ಹೇಳುತ್ತದೆ. ಆತ್ಮಹತ್ಯೆಗಳು ಈ ಲೆಕ್ಕದಲ್ಲಿಲ್ಲ.

ನಾನು ಸಾವಯವಕ್ಕೆ ಬಂದದ್ದೂ ಈ ಕಾರಣಕ್ಕೆ. ಹಳೆಯ ಬೆನ್ನುಪಂಪಿನ ಮುಚ್ಚಳದ ವಾಷರ್ ಸವೆದಿತ್ತು. ಬಗ್ಗಿದಾಗಲೆಲ್ಲ ಹನಿಹನಿಯಾಗಿ ಸೋರಿ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಬಿಸಿಲಲ್ಲವೇ, ತಂಪಾಗಿದೆ ಅಂದುಕೊಂಡು ಹೊಡೆಯುತ್ತಲೇ ಹೋದೆ. ಸಂಜೆಗೆ ಬಾಯಲ್ಲಿ ನೀರೂರುವುದು ನಿಲ್ಲಲಿಲ್ಲ, ದೀಪದ ಸುತ್ತ ಮಂಜು ಕಟ್ಟಿದ ಹಾಗೆ ಕಂಡಿತು, ಕೈ ನಡುಗಿತು. ಆರ್ಗನೋಫಾಸ್ಫೇಟ್ ದೇಹದಲ್ಲಿ ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ತಡೆದಾಗ ಕಾಣುವ ಲಕ್ಷಣಗಳೇ ಇವು ಎಂದು ಆಮೇಲೆ ಓದಿ ತಿಳಿದೆ. ಎರಡು ದಿನಕ್ಕೆ ನಾನು ಸರಿಹೋದೆ. ಕೂಲಿಗೆ ಔಷಧಿ ಹೊಡೆಯುವವರು ಅಂಥ ದಿನಗಳನ್ನು ಒಂದರ ಹಿಂದೊಂದು ಕಳೆಯುತ್ತಾರೆ, ಮನೆಗೆ ಹೋಗಿ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ.

## ಮಣ್ಣು, ನೀರು, ಗಾಳಿ

ಮಣ್ಣಿಗೆ ನಿಜವಾಗ್ಲೂ ಏನಾಗುತ್ತೆ? ಬರೀ ಮಾತಾ?

ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಕೊಳೆಯುವ ಎಲೆ, ಬೇರು, ಗೊಬ್ಬರವನ್ನು ತಿಂದು ಬದುಕುವ ಜೀವಿಗಳು ಒಂದು ಬಗೆಯ ಅಂಟನ್ನು ಬಿಡುತ್ತವೆ. ಶಿಲೀಂಧ್ರದ ನೂಲುಗಳು ಕಣಗಳನ್ನು ಹೆಣೆಯುತ್ತವೆ. ಹೀಗೆ ಮಣ್ಣು ಕಾಳುಕಾಳಾಗಿ ಕಟ್ಟಿಕೊಳ್ಳುತ್ತದೆ. ಕಾಳುಗಳ ನಡುವಿನ ಸಂದಿನಲ್ಲಿ ಗಾಳಿಯಾಡುತ್ತದೆ, ಒಳಗಿನ ಸಣ್ಣ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ. ಮಳೆ ಹೊಡೆದಾಗ ಇಂಥ ನೆಲ ನೀರನ್ನು ಇಂಗಿಸಿಕೊಳ್ಳುತ್ತದೆ. ಕೊಳೆತ ವಸ್ತುವಿನ ಇಂಗಾಲ ಕಳೆದುಕೊಂಡ ನೆಲ ಕೆಸರಾಗಿ ಹೆಪ್ಪುಗಟ್ಟುತ್ತದೆ, ಮೇಲ್ಮಣ್ಣು ನೀರಿನ ಜೊತೆ ಹರಿದುಹೋಗುತ್ತದೆ. ಹಾಗೆ ಹೋದ ಒಂದು ಸೆಂಟಿಮೀಟರ್ ಮಣ್ಣು ಮತ್ತೆ ಹುಟ್ಟಲು ನೂರಾರು ವರ್ಷ ಬೇಕು.

ಸ್ವಿಟ್ಜರ್‌ಲೆಂಡಿನಲ್ಲಿ 1978ರಿಂದ ಒಂದೇ ನೆಲದಲ್ಲಿ ಸಾವಯವ ಮತ್ತು ಸಾಮಾನ್ಯ ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ಬೆಳೆಸುತ್ತಾ ಬಂದಿದ್ದಾರೆ. 21 ವರ್ಷಗಳ ಲೆಕ್ಕ 2002ರಲ್ಲಿ ಬಂತು. ಸಾವಯವದಲ್ಲಿ ಇಳುವರಿ 20% ಕಡಿಮೆ. ಆದರೆ ಗೊಬ್ಬರ ಮತ್ತು ಶಕ್ತಿಯ ಬಳಕೆ 34ರಿಂದ 53%, ಕೀಟನಾಶಕ 97% ಕಡಿಮೆ. ಎರೆಹುಳು, ಸೂಕ್ಷ್ಮಜೀವಿಗಳು ಸಾವಯವ ತಾಕಿನಲ್ಲಿ ಹೆಚ್ಚು. ಎರಡೂ ಕಡೆಯ ಲೆಕ್ಕ ಮುಚ್ಚಿಡದೆ ಹೇಳಿರುವುದರಿಂದ ಈ ಪ್ರಯೋಗ ನನಗೆ ಇಷ್ಟ.

ಗಿಡಕ್ಕೆ ಸಾರಜನಕ ಸಾರಜನಕವೇ. ಯೂರಿಯಾದಿಂದ ಬಂದ್ರೇನು, ಗೊಬ್ಬರದಿಂದ ಬಂದ್ರೇನು?

ಬೇರಿನ ಮಟ್ಟಿಗೆ ನಿಮ್ಮ ಮಾತು ಸರಿ. ಬೇರು ಹೀರುವುದು ನೈಟ್ರೇಟ್ ಇಲ್ಲವೇ ಅಮೋನಿಯಂ, ಅದರ ಮೂಲ ಗಿಡಕ್ಕೆ ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು ಅದು ಬರುವ ವೇಗದಲ್ಲಿ ಮತ್ತು ಜೊತೆಗೆ ತರುವ ವಸ್ತುವಿನಲ್ಲಿ. ಯೂರಿಯಾದಲ್ಲಿ 46% ಸಾರಜನಕವಿದೆ, ಹಾಕಿದ ಕೆಲವೇ ದಿನಗಳಲ್ಲಿ ಪೂರ್ತಿ ಬಿಡುಗಡೆಯಾಗುತ್ತದೆ. ಜಗತ್ತಿನಾದ್ಯಂತ ಹೊಲಕ್ಕೆ ಹಾಕುವ ಸಾರಜನಕದಲ್ಲಿ ಅರ್ಧದಷ್ಟು ಮಾತ್ರ ಬೆಳೆಗೆ ಸೇರುತ್ತದೆ, ಉಳಿದದ್ದು ನೀರಿಗೋ ಗಾಳಿಗೋ ಹೋಗುತ್ತದೆ. ಕಾಂಪೋಸ್ಟ್‌ನಲ್ಲಿ ಸಾರಜನಕ ಹೆಚ್ಚೂಕಡಿಮೆ 1% ಇದ್ದೀತು. ಅದು ನಿಧಾನವಾಗಿ ಬಿಡುತ್ತದೆ, ಜೊತೆಗೆ ಮಣ್ಣಿನ ಜೀವಿಗಳಿಗೆ ಇಂಗಾಲದ ಊಟವನ್ನೂ ತರುತ್ತದೆ. ಅದೇ ನಿಧಾನ ತೊಡಕೂ ಹೌದು. ಗಿಡ ಭರದಿಂದ ಬೆಳೆಯುವ ವಾರದಲ್ಲಿ ಸಾರಜನಕ ಸಾಲದೆ ಎಲೆ ಹಳದಿಯಾಗುವುದನ್ನು ಸಾವಯವ ರೈತರೆಲ್ಲ ಕಂಡಿದ್ದಾರೆ.

ಬಾವಿ ನೀರಿಗೂ ಇದಕ್ಕೂ ಏನು ಸಂಬಂಧ?

ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿ ನಿಲ್ಲುವುದಿಲ್ಲ. ಹೆಚ್ಚಾದದ್ದು ಮಳೆನೀರಿನ ಜೊತೆ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಇತ್ತ ನದಿ ಸೇರಿದ ಸಾರಜನಕ, ರಂಜಕ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಕೊಳೆಯುವಾಗ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಮಿಸಿಸಿಪಿ ನದಿ ಸಮುದ್ರ ಸೇರುವ ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಇಂಥ ಸತ್ತ ವಲಯ ಮೂಡುತ್ತದೆ. ಲೆಕ್ಕವಿಲ್ಲದೆ ಸುರಿದ ಕೊಟ್ಟಿಗೆ ಗೊಬ್ಬರವೂ ಇದನ್ನೇ ಮಾಡಬಲ್ಲದು ಎಂಬುದನ್ನು ಸಾವಯವದವರು ಮರೆಯಬಾರದು.

ಜೇನು, ಹಕ್ಕಿ ಇವೆಲ್ಲ ವಾಪಸ್ ಬರುತ್ತವಾ?

ಬರುತ್ತವೆ. ಸಾವಯವ ಹೊಲಗಳಲ್ಲಿ ಜೀವಜಾತಿಗಳ ಸಂಖ್ಯೆ ಸರಾಸರಿ 30% ಹೆಚ್ಚು ಎಂದು 30 ವರ್ಷಗಳ ಅಧ್ಯಯನಗಳನ್ನು ಒಟ್ಟು ಮಾಡಿದ 2014ರ ವಿಶ್ಲೇಷಣೆ ಹೇಳಿತು. ಪರಾಗಸ್ಪರ್ಶ ಮಾಡುವ ಕೀಟಗಳಲ್ಲಿ ಏರಿಕೆ ಇನ್ನೂ ಹೆಚ್ಚು. ಬದುವಿನಲ್ಲಿ ಹೂ ಬಿಡುವ ಗಿಡ, ನಡುವೆ ನಾಲ್ಕು ಮರ, ಕುಡಿಯಲು ನೀರು ಇದ್ದರೆ ಬೇಗ ಬರುತ್ತವೆ. ನೂರಾರು ಎಕರೆ ಒಂದೇ ಬೆಳೆ ಹಾಕಿದರೆ ಸಾವಯವವಾದರೂ ಹಕ್ಕಿಗೆ ಅಲ್ಲೇನಿದೆ?

ಹವಾಮಾನ ಬದಲಾವಣೆಗೆ ಇದು ಪರಿಹಾರವಾ?

ಒಂದು ಪಾಲು ಮಾತ್ರ. ರಸಗೊಬ್ಬರ ತಯಾರಿಕೆಗೆ ಅಪಾರ ನೈಸರ್ಗಿಕ ಅನಿಲ ಬೇಕು, ಸಾವಯವದಲ್ಲಿ ಆ ಬಳಕೆ ತಪ್ಪುತ್ತದೆ. ಹೊಲದಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಶಾಖ ಹಿಡಿಯುತ್ತದೆ, ಎಕರೆಯ ಲೆಕ್ಕದಲ್ಲಿ ಸಾವಯವದಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಆದರೆ ಕ್ವಿಂಟಾಲಿನ ಲೆಕ್ಕ ಹಿಡಿದರೆ, ಇಳುವರಿ ಕಡಿಮೆಯಾದ್ದರಿಂದ ಈ ಅಂತರ ಕುಗ್ಗುತ್ತದೆ, ಕೆಲವು ಬೆಳೆಗಳಲ್ಲಿ ಮಾಯವೇ ಆಗುತ್ತದೆ.

## ಗಟ್ಟಿ ಪ್ರಶ್ನೆಗಳು

ಎಲ್ಲರೂ ಸಾವಯವ ಮಾಡಿದ್ರೆ ಜಗತ್ತಿಗೆ ಊಟ ಸಾಲುತ್ತಾ?

ಇಂದಿನ ಊಟದ ಪದ್ಧತಿ ಹೀಗೇ ಇಟ್ಟುಕೊಂಡು, ರಾತ್ರೋರಾತ್ರಿ ಬದಲಿಸಿದರೆ ಸಾಲುವುದಿಲ್ಲ. ಇಳುವರಿ ಸರಾಸರಿ 19% ಕಡಿಮೆ ಎಂದು 2014ರ ದೊಡ್ಡ ಹೋಲಿಕೆಯೊಂದು ತೋರಿಸಿತು. ಬೆಳೆ ಸರದಿ, ಮಿಶ್ರ ಬೆಳೆ ಚೆನ್ನಾಗಿ ಮಾಡಿದಲ್ಲಿ ಆ ಅಂತರ 8–9%ಕ್ಕೆ ಇಳಿಯಿತು. ಇನ್ನೊಂದು ಕಡೆ, ಬೆಳೆದ ಆಹಾರದಲ್ಲಿ ಮೂರನೇ ಒಂದರಷ್ಟು ಯಾರ ಹೊಟ್ಟೆಯನ್ನೂ ಸೇರದೆ ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತ್ತು. ಧಾನ್ಯದ ದೊಡ್ಡ ಪಾಲು ಜಾನುವಾರುಗಳ ಹೊಟ್ಟೆಗೆ ಹೋಗುತ್ತದೆ. ಇವೆರಡನ್ನೂ ಮುಟ್ಟದೆ ಇಳುವರಿಯ ಮಾತು ಮಾತ್ರ ಆಡುವುದು ಪೂರ್ತಿ ಲೆಕ್ಕವಲ್ಲ.

ಶ್ರೀಲಂಕಾದಲ್ಲಿ ಸಾವಯವ ಮಾಡಿ ದೇಶವೇ ಮುಳುಗಿತಲ್ಲ?

ಅಲ್ಲಿ ನಡೆದದ್ದು ಸಾವಯವ ಕೃಷಿಯಲ್ಲ, ರಸಗೊಬ್ಬರದ ನಿಷೇಧ. 2021ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು, ಆಮದು ನಿಂತಿತು, ನವೆಂಬರಿನಲ್ಲಿ ಹಿಂದಕ್ಕೆ ಪಡೆದರು. ಭತ್ತ, ಚಹಾ ಎರಡೂ ನೆಲಕಚ್ಚಿದವು. ವಿದೇಶಿ ವಿನಿಮಯದ ಬಿಕ್ಕಟ್ಟು ಮೊದಲೇ ಬಿಗಿಯುತ್ತಿತ್ತು, ಅದೂ ಈ ನಿಷೇಧಕ್ಕೆ ಒಂದು ಕಾರಣ. ಬದಲಿಗೆ ಹಾಕಲು ಬೇಕಾದಷ್ಟು ಗೊಬ್ಬರ ಇರಲಿಲ್ಲ, ರೈತರಿಗೆ ತರಬೇತಿಗೆ ಸಮಯ ಇರಲಿಲ್ಲ, ಮಣ್ಣಿಗೆ ಚೇತರಿಸಿಕೊಳ್ಳಲು ವರ್ಷಗಳಿರಲಿಲ್ಲ. ಇದರ ನೋವನ್ನು ಅಲ್ಲಿನ ಸಣ್ಣ ರೈತರು ಉಂಡರು. ಸಾವಯವದ ಪರ ಇರುವವರು ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿಯಬೇಕು.

ನಾನು ಬದಲಾಯಿಸಬೇಕು ಅಂತಿದ್ದೀನಿ. ಎಷ್ಟು ವರ್ಷ ಬೇಕು, ಹೇಗೆ ಶುರು ಮಾಡ್ಲಿ?

ಪ್ರಮಾಣಪತ್ರಕ್ಕೆ ಬಹುತೇಕ ನಿಯಮಗಳಲ್ಲಿ 2ರಿಂದ 3 ವರ್ಷದ ಪರಿವರ್ತನಾ ಅವಧಿಯಿದೆ. ಆ ಅವಧಿಯೇ ಕಷ್ಟದ್ದು, ಇಳುವರಿ ಇಳಿದಿರುತ್ತದೆ, ಸಾವಯವದ ಬೆಲೆಯೂ ಸಿಗುವುದಿಲ್ಲ. ಪೂರ್ತಿ ಜಮೀನನ್ನು ಒಟ್ಟಿಗೆ ಬದಲಿಸಬೇಡಿ. ನಾಲ್ಕನೇ ಒಂದು ಭಾಗ ತೆಗೆದುಕೊಳ್ಳಿ, ಅಲ್ಲಿ ಮೊದಲು ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಮೊದಲು ಕೀಟನಾಶಕ, ಕಳೆನಾಶಕ ಬಿಡಿ, ರಸಗೊಬ್ಬರವನ್ನು ಹಂತಹಂತವಾಗಿ ಇಳಿಸಿ. ರಸಗೊಬ್ಬರ ಪೂರ್ತಿ ನಿಲ್ಲುವ ಮೊದಲು ಪರಿವರ್ತನಾ ಅವಧಿ ಶುರುವಾಗುವುದಿಲ್ಲ ಎಂಬುದು ನೆನಪಿರಲಿ. ಮನೆಯ ವರ್ಷದ ಖರ್ಚು ಉಳಿದ ಮುಕ್ಕಾಲು ಜಮೀನಿನಿಂದ ಬರಲಿ.

ಹುಳ ಬಿದ್ದಾಗ ಸುಮ್ನೆ ನೋಡ್ತಾ ಕೂರಬೇಕಾ?

ಕೂರಬೇಕಿಲ್ಲ, ಆದರೆ ಪಂಪು ತೆಗೆಯುವ ಮೊದಲು ಎಲೆಯ ಅಡಿಭಾಗ ತಿರುಗಿಸಿ ನೋಡಿ. ಸಸ್ಯಹೇನಿನ ಗುಂಪಿನಲ್ಲಿ ಕೆಲವು ಊದಿಕೊಂಡು ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ, ಒಳಗೆ ಪರತಂತ್ರ ಕಣಜ, ಅಂದರೆ ಹೇನಿನ ಮೈಯೊಳಗೆ ಮರಿ ಬೆಳೆಸಿ ಅದನ್ನು ಕೊಲ್ಲುವ ಕಣಜ, ಮೊಟ್ಟೆಯಿಟ್ಟಿದೆ ಎಂದರ್ಥ. ಅಂಥದ್ದು ಹೆಚ್ಚಿದ್ದರೆ ಒಂದು ವಾರ ಕಾಯಿರಿ. ಆ ಹೊತ್ತಿಗೆ ಬೇವಿನೆಣ್ಣೆ ಹೊಡೆದರೂ ನಿಮ್ಮ ಪರ ಕೆಲಸ ಮಾಡುವ ಆ ಕಣಜಗಳಿಗೇ ತೊಂದರೆ. ಹುಳಕ್ಕೆ ಸಿಗುವ ಸಾರಜನಕ ಹೆಚ್ಚಿದಷ್ಟೂ ಹೇನು ಹೆಚ್ಚು ಮರಿ ಹಾಕುತ್ತದೆ, ಹಾಗಾಗಿ ಅತಿ ಗೊಬ್ಬರವೂ ಹುಳಕ್ಕೆ ಕರೆಯೋಲೆ.

ನನ್ನ ಮಣ್ಣು ಸುಧಾರಿಸಿದೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಯೋಗಾಲಯದಲ್ಲಿ ಸಾವಯವ ಇಂಗಾಲ ಅಳೆಸಿ, ಎರಡು ವರ್ಷಕ್ಕೊಮ್ಮೆ, ಅದೇ ತಾಕಿನಿಂದ, ಅದೇ ಆಳದಿಂದ. ಅದಕ್ಕೂ ಮೊದಲು ಕೈಯಲ್ಲೇ ಮಾಡುವ ಎರಡು ಪರೀಕ್ಷೆಗಳಿವೆ.

ಚೆನ್ನಾಗಿ ಒಣಗಿದ ಒಂದು ಹೆಂಟೆಯನ್ನು ಹೊಲದಿಂದ, ಇನ್ನೊಂದನ್ನು ಬಹುಕಾಲ ಉಳದ ಬದುವಿನಿಂದ ತನ್ನಿ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಜಾಳಿಗೆಯ ಮೇಲೆ ಹೆಂಟೆ ಇಟ್ಟು ನೀರಿಗೆ ಇಳಿಸಿ. ಬಡ ಮಣ್ಣು ನಿಮಿಷದೊಳಗೆ ಪುಡಿಪುಡಿಯಾಗಿ ಕುಸಿದು ಲೋಟ ಕದಡಿಬಿಡುತ್ತದೆ. ಜೀವ ತುಂಬಿದ ಮಣ್ಣಿನ ಹೆಂಟೆ ಗುಳ್ಳೆ ಬಿಡುತ್ತಾ ಹಾಗೆಯೇ ಕೂತಿರುತ್ತದೆ, ಗಂಟೆಯಾದರೂ ನೀರು ತಿಳಿಯಾಗೇ ಇರುತ್ತದೆ. ಹೊಲದ ಹೆಂಟೆ ವರ್ಷದಿಂದ ವರ್ಷಕ್ಕೆ ಬದುವಿನ ಹೆಂಟೆಯ ಹಾಗೆ ಆಗುತ್ತಿದ್ದರೆ ಸರಿದಾರಿಯಲ್ಲಿದ್ದೀರಿ.

ಎರಡನೆಯದು ಬೇರುಗಂಟು, ಅಂದರೆ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ವಾಸಿಸುವ ಗಂಟು. ದ್ವಿದಳ ಬೆಳೆ ಹೂ ಬಿಡುವ ಸಮಯದಲ್ಲಿ ಒಂದು ಗಿಡವನ್ನು ಮಣ್ಣುಸಮೇತ ಅಗೆದು ತೆಗೆಯಿರಿ. ಎಳೆದರೆ ಗಂಟು ಕಿತ್ತು ಮಣ್ಣಿನಲ್ಲೇ ಉಳಿಯುತ್ತವೆ. ಬೇರನ್ನು ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಬಿಳಿಯೋ ಹಸಿರೋ ಇದ್ದರೆ ಅದು ಕೆಲಸ ಮಾಡುತ್ತಿಲ್ಲ. ನಸುಗೆಂಪು ಇದ್ದರೆ, ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೊಗ್ಲೋಬಿನ್ ಅಲ್ಲಿದೆ, ಗಾಳಿಯ ಸಾರಜನಕ ಆ ಕ್ಷಣದಲ್ಲೂ ಗಿಡಕ್ಕೆ ಇಳಿಯುತ್ತಿದೆ. ಮೊದಲ ಸಲ ಬೆರಳಿನ ತುದಿಗೆ ಆ ಬಣ್ಣ ಹತ್ತಿದ ದಿನ ನಾನು ಸಾಲುಸಾಲು ಗಿಡ ಅಗೆದು ನೋಡಿದ್ದೆ. ನೀವು ಒಂದೆರಡಕ್ಕೇ ನಿಲ್ಲಿಸಿ, ಉಳಿದವು ಹೊಲದಲ್ಲಿರಲಿ.